ನನ್ನ ಪುಸ್ತಕ ನೀಲಿ, ಅವಳ ಪುಸ್ತಕ ಹಳದಿ

ಕಳೆದ ವರ್ಷ ಆಫೀಸಿನಿಂದ ಒಂದು ಮೇಲ್ ಬಂತು. ಸಿಂಗಪುರದಲ್ಲಿ ಮೂರು ವಾರದ ಟ್ರೈನಿಂಗ್, ನಮ್ಮ ಟೀಮಿನಿಂದ ಇಬ್ಬರಿಗೆ ಅವಕಾಶ. ಒಂದು ಹೆಸರು ನನ್ನದು. ಇನ್ನೊಂದು, ಪಕ್ಕದ ಸೀಟಿನ ಗೆಳತಿಯದು. "ಇಬ್ಬರೂ ಚಾಮರಾಜನಗರ ಜಿಲ್ಲೆಯವರಾ? ಏನ್ರೀ ನಿಮ್ಮ ನೀರಿನ ಮಹಿಮೆ!" ಅಂತ ಮ್ಯಾನೇಜರ್ ನಕ್ಕರು. ಮೇಲ್‌ನ ಕೊನೇ ಸಾಲಿನಲ್ಲಿ, ಪಾಸ್‌ಪೋರ್ಟಿನ ಪ್ರತಿಯನ್ನು ಎರಡು ತಿಂಗಳೊಳಗೆ ಕೊಡಬೇಕು ಅಂತಿತ್ತು.

ಪಾಸ್‌ಪೋರ್ಟ್ ನಮ್ಮಿಬ್ಬರ ಹತ್ರಾನೂ ಇರಲಿಲ್ಲ. ಆದರೆ ನನ್ನ 'ಇಲ್ಲ'ಕ್ಕೂ ಅವಳ 'ಇಲ್ಲ'ಕ್ಕೂ ಎಷ್ಟು ವ್ಯತ್ಯಾಸ ಅಂತ ಆಗ ಗೊತ್ತಿರಲಿಲ್ಲ.

ನಾನು ಗುಂಡ್ಲುಪೇಟೆಯವಳು. ಮಳೆಗಾಲದಲ್ಲಿ ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ, ಚೆಂಡು ಹೂವಿನ ಹೊಲದಲ್ಲಿ ನೀವು ಸೆಲ್ಫಿ ತಗೋತೀರಲ್ಲ, ಅದೇ ಊರು. ಅವಳು ಹನೂರು ತಾಲ್ಲೂಕಿನ ಒಡೆಯರಪಾಳ್ಯದವಳು. ಅಲ್ಲಿನ ಟಿಬೆಟನ್ ಕ್ಯಾಂಪ್ ಗೊತ್ತಿರಬಹುದು. ಹುಟ್ಟಿದ್ದು ಅಲ್ಲೇ, 1994ರಲ್ಲಿ. ಅವಳ ಕನ್ನಡ ಪಕ್ಕಾ ಕೊಳ್ಳೇಗಾಲದ ಕಡೆಯದು. ಫೋನಿನಲ್ಲಿ ಮಾತಾಡಿದರೆ ನಮ್ಮೂರ ಹುಡುಗಿ ಅಂತಲೇ ಅಂದ್ಕೋತೀರಿ. ನಮ್ಮೂರ ಹುಡುಗಿನೇ, ಬಿಡಿ.

ಹದಿಮೂರು ದಿನದ ಕಥೆ

ನನ್ನದು ಸಲೀಸಾಗಿ ಆಯ್ತು. ಆನ್‌ಲೈನಿನಲ್ಲಿ ಅರ್ಜಿ, 1,500 ರೂಪಾಯಿ ಶುಲ್ಕ, ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್. ಅಂದ ಹಾಗೆ, ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಅರ್ಜಿ ತಗೊಳ್ಳೋ ಪದ್ಧತಿ ಶುರುವಾಗಿದ್ದು 2017ರ ಜನವರಿ 25ರಂದು, ಎರಡೇ ಊರುಗಳಲ್ಲಿ. ಒಂದು ಗುಜರಾತಿನ ದಾಹೋದ್, ಇನ್ನೊಂದು ನಮ್ಮ ಮೈಸೂರು. ಈಗ ದೇಶದಲ್ಲಿ ಅಂಥ ಕೇಂದ್ರಗಳು 440ಕ್ಕೂ ಹೆಚ್ಚಿವೆ.

ವಾರದೊಳಗೆ ಪರಿಶೀಲನೆಗೆ ಪೊಲೀಸಿನವರು ಗುಂಡ್ಲುಪೇಟೆಯ ಮನೆಗೆ ಬಂದರು. ಜಗಲಿ ಮೇಲೆ ಕೂತಿದ್ದ ಅಜ್ಜಿಗೆ ಗಾಬರಿ. ಸಂಜೆ ಫೋನು ಮಾಡಿದಾಗ ಮೊದಲ ಪ್ರಶ್ನೆನೇ, "ಪೋಲೀಸ್ನೋರು ಮನಗಂಟ ಬಂದಿದ್ರಲ್ಲ ಕೂಸು, ಯಾನ ಮಾಡ್ದೆ?" ಅವ್ವ ಕಾಫಿ ಕೊಟ್ಟು ಕಳಿಸಿದ್ದಳಂತೆ. ಹದಿಮೂರನೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಡು ನೀಲಿ ಪುಸ್ತಕ ಕೈಗೆ ಬಂತು. ರಕ್ಷಾಕವಚದ ಕೆಳಗೆ ಸಣ್ಣದೊಂದು ಚಿನ್ನದ ಬಣ್ಣದ ಗುರುತು. ಅಂದರೆ ಒಳಗೆ ಚಿಪ್ ಇರುವ ಇ-ಪಾಸ್‌ಪೋರ್ಟ್.

ಮಾರನೇ ದಿನ ಗೆಳತಿಗೆ ತೋರಿಸಿದೆ. ಅವಳು ಪುಸ್ತಕ ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು. "ಇದನ್ನ ಯಾರು ಮಾಡ್ತಾರೆ?"

"ಸರ್ಕಾರ" ಅಂದೆ. ಆಮೇಲೆ ನನಗೇ ಅನುಮಾನ ಬಂತು.

ಕೌಂಟರಿನ ಆಚೆ ಯಾರಿದ್ದಾರೆ?

ಹುಡುಕುತ್ತಾ ಹೋದೆ. 2008ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಸೇವಾ ಯೋಜನೆಯನ್ನು ಖಾಸಗಿ ಸಹಭಾಗಿತ್ವದಲ್ಲಿ ನಡೆಸಲು ಟಿಸಿಎಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 2010ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದು ಬೆಂಗಳೂರು ಮತ್ತು ಚಂಡೀಗಢ ವಲಯಗಳಲ್ಲಿ. 2022ರ ಜನವರಿಯಲ್ಲಿ ಎರಡನೇ ಹಂತದ ಗುತ್ತಿಗೆಯೂ ಅದೇ ಕಂಪನಿಗೆ ಸಿಕ್ಕಿತು.

ದೊಡ್ಡ ಸೇವಾ ಕೇಂದ್ರಗಳಿಗೆ ಹೋದವರಿಗೆ ಎ, ಬಿ, ಸಿ ಕೌಂಟರುಗಳು ನೆನಪಿರುತ್ತವೆ. 'ಎ'ನಲ್ಲಿ ಫೋಟೊ, ಬೆರಳಚ್ಚು, ದಾಖಲೆಗಳ ಸ್ಕ್ಯಾನ್. ಅಲ್ಲಿ ಕೂರುವವರು ಕಂಪನಿಯ ಸಿಬ್ಬಂದಿ. 'ಬಿ'ನಲ್ಲಿ ಪರಿಶೀಲಿಸುವವರು, 'ಸಿ'ನಲ್ಲಿ ಮಂಜೂರು ಮಾಡುವವರು ಸರ್ಕಾರಿ ಅಧಿಕಾರಿಗಳು. ಪುಸ್ತಕ ಅಚ್ಚಾಗುವುದು ನಾಸಿಕ್‌ನ ಸರ್ಕಾರಿ ಭದ್ರತಾ ಮುದ್ರಣಾಲಯದಲ್ಲಿ. ಚಿಪ್ ಇರುವ ಪದರವನ್ನು ಜಾಗತಿಕ ಟೆಂಡರ್ ಕರೆದು ತರಿಸುವ ಹೊಣೆಯೂ ಆ ಮುದ್ರಣಾಲಯದ್ದೇ. ಈ ವಿಷಯ ನನಗೆ ಸಿಕ್ಕಿದ್ದು ಜಾಹೀರಾತಿನಲ್ಲಲ್ಲ, ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರದಲ್ಲಿ.

ಅಂದರೆ ಯಾರೋ ಒಬ್ಬ ಸಂಸದರು ಕೇಳಿದ್ದಕ್ಕೆ ಇದು ನಮಗೆ ಗೊತ್ತಾಯಿತು, ಅಲ್ವಾ?

ನಾವು ಸಂಸತ್ತು ಅಂದ ಕೂಡಲೇ ಟಿವಿಯಲ್ಲಿ ಕಾಣುವ ಗದ್ದಲವನ್ನೇ ನೆನೆಸಿಕೊಳ್ಳುತ್ತೇವೆ. ಅದರಾಚೆ ಸದ್ದಿಲ್ಲದೆ ನಡೆಯುವ ಮೂರು ಕೆಲಸಗಳಿವೆ. ಒಂದು, ಪ್ರಶ್ನೋತ್ತರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ. ಅವಕ್ಕೆ ಸಚಿವರು ಸದನದಲ್ಲೇ ಬಾಯಿ ಬಿಟ್ಟು ಉತ್ತರ ಹೇಳಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಇನ್ನು 230ರವರೆಗೆ ಚುಕ್ಕೆ ರಹಿತ ಪ್ರಶ್ನೆಗಳು, ಅವಕ್ಕೆ ಲಿಖಿತ ಉತ್ತರ. ಎರಡು, ಸ್ಥಾಯಿ ಸಮಿತಿಗಳು. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುವ ವಿದೇಶಾಂಗ ವ್ಯವಹಾರಗಳ ಸಮಿತಿ ಪ್ರತಿ ವರ್ಷ ಆ ಸಚಿವಾಲಯದ ಖರ್ಚಿನ ಬೇಡಿಕೆಯನ್ನು ಪರಿಶೀಲಿಸುತ್ತದೆ. ಪಾಸ್‌ಪೋರ್ಟಿನ ಲೆಕ್ಕವೂ ಅದರಲ್ಲೇ ಬರುತ್ತದೆ. ಮೂರು, ಸಿಎಜಿ ಆಡಿಟ್ ಮಾಡಿ ಕೊಡುವ ವರದಿಗಳನ್ನು ನೋಡುವ 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ.

ನನ್ನ ಹತ್ತು ಬೆರಳಿನ ಗುರುತು ತಗೊಂಡ ವ್ಯವಸ್ಥೆ ಇದು. ಪ್ರತಿ ಅರ್ಜಿಗೆ ಕಂಪನಿಗೆ ಎಷ್ಟು ಹೋಗುತ್ತದೆ? ಗುತ್ತಿಗೆ ಮುಗಿದ ದಿನ ನನ್ನ ಮಾಹಿತಿ ಯಾರ ಕೈಯಲ್ಲಿರುತ್ತದೆ? ತಪ್ಪಾದರೆ ದಂಡ ಯಾರಿಗೆ? ಇವು ಅನುಮಾನದ ಪ್ರಶ್ನೆಗಳಲ್ಲ. ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಸಿಮೆಂಟಿನ ಲೆಕ್ಕ ಕೇಳಲ್ವಾ, ಹಾಗೆ. ಕೇಳದಿದ್ದರೆ ತಪ್ಪು ನಮ್ಮದು.

ಬ್ರಿಟನ್ನಿನ ಎರಡು ಬಿಲ್ಲು

ಗುತ್ತಿಗೆಯನ್ನು ಸಂಸತ್ತು ಪ್ರಶ್ನಿಸುವುದಕ್ಕೆ ಬ್ರಿಟನ್ ಒಳ್ಳೇ ಉದಾಹರಣೆ. 2018ರಲ್ಲಿ ಅಲ್ಲಿನ ಸರ್ಕಾರ ಹೊಸ ನೀಲಿ ಪಾಸ್‌ಪೋರ್ಟಿನ ಕೆಲಸವನ್ನು ತನ್ನದೇ ನೆಲದ ಹಳೇ ಕಂಪನಿ ಡೆ ಲಾ ರೂ ಬದಲು ಫ್ರೆಂಚ್-ಡಚ್ ಕಂಪನಿ ಜೆಮಾಲ್ಟೊಗೆ ಕೊಟ್ಟಿತು. ಯುರೋಪಿನ ಒಕ್ಕೂಟದಿಂದ ಹೊರಬರುವ ಹೆಮ್ಮೆಗೆ ಅಂತ ಬಣ್ಣ ಬದಲಿಸಿದ ಪಾಸ್‌ಪೋರ್ಟು, ಅದನ್ನು ಮಾಡೋದು ಮಾತ್ರ ಯುರೋಪಿನ ಕಂಪನಿ! ಸಂಸದರು ಸುಮ್ಮನಿರುತ್ತಾರಾ? ನಮ್ಮೂರಿನ ಕೆಲಸ ಹೋಯಿತು ಅಂತ ಕೆಲವರು, ಕಡಿಮೆ ಬೆಲೆಗೆ ಸಿಕ್ಕಿತಲ್ಲ ಅಂತ ಇನ್ನು ಕೆಲವರು. ಸರ್ಕಾರ ಎದ್ದು ನಿಂತು ಲೆಕ್ಕ ಕೊಡಬೇಕಾಯಿತು.

ಎರಡನೇ ಬಿಲ್ಲು ಇನ್ನೂ ದೊಡ್ಡದು. ಆಶ್ರಯ ಕೇಳಿ ಬಂದವರನ್ನು ಆಫ್ರಿಕಾದ ರುವಾಂಡಾಗೆ ಕಳಿಸುವ ಒಪ್ಪಂದವನ್ನು ಬ್ರಿಟನ್ 2022ರ ಏಪ್ರಿಲಿನಲ್ಲಿ ಮಾಡಿಕೊಂಡಿತು. 2023ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಕಾನೂನಿಗೆ ವಿರುದ್ಧ ಎಂದಿತು. ಅಷ್ಟರಲ್ಲಾಗಲೇ 24 ಕೋಟಿ ಪೌಂಡ್ ಪಾವತಿಯಾಗಿತ್ತು, ಒಬ್ಬರನ್ನೂ ಕಳಿಸಿರಲಿಲ್ಲ. ಈ ಮೊತ್ತ ಹೊರಬಿದ್ದದ್ದು ಹೇಗೆ ಗೊತ್ತಾ? ಗೃಹ ಇಲಾಖೆಯ ಹಿರಿಯ ಅಧಿಕಾರಿ ಸಂಸದೀಯ ಸಮಿತಿಗಳ ಅಧ್ಯಕ್ಷರಿಗೆ ಬರೆದ ಪತ್ರದಿಂದ. ಸಮಿತಿಗಳು ಬೆನ್ನು ಬಿಡದೆ ಕೇಳುತ್ತಿದ್ದವು, ಉತ್ತರ ಬರಲೇಬೇಕಾಯಿತು. 2024ರ ಜುಲೈನಲ್ಲಿ ಹೊಸ ಸರ್ಕಾರ ಸದನಕ್ಕೆ ಹೇಳಿದ ಒಟ್ಟು ಖರ್ಚು 70 ಕೋಟಿ ಪೌಂಡ್. ಅಲ್ಲಿಗೆ ಹೋದವರು ನಾಲ್ಕು ಜನ, ಅದೂ ಸ್ವಇಚ್ಛೆಯಿಂದ.

ಗಮನಿಸಿ. ಪಾಸ್‌ಪೋರ್ಟ್ ಯಾರು ಅಚ್ಚು ಹಾಕಬೇಕು ಅನ್ನೋದೂ, ಪಾಸ್‌ಪೋರ್ಟ್ ಇಲ್ಲದೆ ಬಂದವರನ್ನು ಏನು ಮಾಡಬೇಕು ಅನ್ನೋದೂ ಅಲ್ಲಿ ಒಂದೇ ಸದನದ ಮುಂದೆ ಬಂತು. ಹಾಗಾದರೆ ನಮ್ಮಲ್ಲಿ? ಉತ್ತರ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಒಡೆಯರಪಾಳ್ಯದ ಹಳದಿ ಪುಸ್ತಕ

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಂದೆಯೇ ಬಂದರು. ಅವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, 1970ರ ದಶಕದಲ್ಲಿ ನಮ್ಮ ಒಡೆಯರಪಾಳ್ಯ. ಕಾಡಂಚಿನ ಆ ನೆಲದಲ್ಲಿ ಮುಸುಕಿನ ಜೋಳ ಬೆಳೆದರು. ಝೋಗ್‌ಚೆನ್ ಮಠ ಕಟ್ಟಿದರು. ಚಳಿಗಾಲ ಬಂತೆಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ನಮ್ಮ ಮನೆಯಲ್ಲಿ ಅಪ್ಪನ ಕಂದು ಸ್ವೆಟರ್ ಕೂಡ ಅಂಥದ್ದೇ.

ಆದರೆ ಆಶ್ರಯ ಕೊಟ್ಟ ದೇಶದಲ್ಲಿ ಆಶ್ರಯಕ್ಕೆ ಒಂದು ಕಾನೂನು ಇಲ್ಲ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ ಸರ್ಕಾರದ ಮಾರ್ಗಸೂಚಿ, ಕಾಯ್ದೆಯಲ್ಲ. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಆಶ್ರಯದ ಬಗ್ಗೆ ಖಾಸಗಿ ಮಸೂದೆ ತಂದರು, 2022ರಲ್ಲಿ ಮತ್ತೆ ತಂದರು. ಅದು ಕಾಯ್ದೆಯಾಗಲಿಲ್ಲ. ಆಶ್ಚರ್ಯವೇನಿಲ್ಲ. ಸ್ವತಂತ್ರ ಭಾರತದಲ್ಲಿ ಕಾಯ್ದೆಯಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು ಆಗಿದ್ದು 1970ರಲ್ಲಿ. 2025ರ ಸೆಪ್ಟೆಂಬರ್ 1ರಿಂದ ನಾಲ್ಕು ಹಳೇ ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅದರಲ್ಲೂ 'ನಿರಾಶ್ರಿತ' ಎಂದರೆ ಯಾರು ಅಂತ ಬರೆದಿಲ್ಲ. ಟಿಬೆಟನ್ನರಿಗೆ ಕೊಟ್ಟಿರುವ ವಿನಾಯಿತಿ ಆ ಕಾಯ್ದೆಯ ಅಡಿಯ ಒಂದು ಆದೇಶದಲ್ಲಿದೆ. ಕಾಯ್ದೆ ಬದಲಿಸಲು ಸದನದ ಮತ ಬೇಕು. ಆದೇಶ ಬದಲಿಸಲು ಅಷ್ಟೆಲ್ಲ ಬೇಕಿಲ್ಲ.

ಗೆಳತಿಯ ಹತ್ತಿರ ಇರೋದು ಎರಡು ದಾಖಲೆ. ಒಂದು 'ಆರ್‌ಸಿ', ಅಂದರೆ ನೋಂದಣಿ ಪ್ರಮಾಣಪತ್ರ. "ನಿಮಗೆ ಆರ್‌ಸಿ ಅಂದರೆ ಗಾಡಿದು, ನಮಗೆ ಮನುಷ್ಯರದು" ಅಂತ ಅವಳೇ ನಗಾಡ್ತಾಳೆ. ಅದನ್ನು ಆಗಾಗ ನವೀಕರಿಸಬೇಕು. ಇನ್ನೊಂದು, ಪಾಸ್‌ಪೋರ್ಟಿನ ಬದಲಿಗೆ ಭಾರತ ಸರ್ಕಾರವೇ ಕೊಡುವ ಗುರುತಿನ ಪ್ರಮಾಣಪತ್ರ. ಹಳದಿ ರಟ್ಟಿನ ಪುಸ್ತಕ. ಅದರಲ್ಲಿ ವಿದೇಶಕ್ಕೆ ಹೋಗಬೇಕಾದರೆ ವೀಸಾ ಒಂದೇ ಸಾಲದು. ಮರಳಿ ಭಾರತಕ್ಕೆ ಬರಲು ಆಕ್ಷೇಪಣೆ ಇಲ್ಲ ಅನ್ನೋ ಅನುಮತಿಯೂ ಬೇಕು. ಅವರೆಲ್ಲ ಅದನ್ನು 'ನೋರಿ' ಅಂತಾರೆ.

ಯೋಚನೆ ಮಾಡಿ. ಒಡೆಯರಪಾಳ್ಯದಲ್ಲಿ ಹುಟ್ಟಿ, ಕೊಳ್ಳೇಗಾಲದಲ್ಲಿ ಕಾಲೇಜು ಓದಿ, ಮೈಸೂರಿನಲ್ಲಿ ತೆರಿಗೆ ಕಟ್ಟುವ ಹುಡುಗಿ ತನ್ನ ಮನೆಗೆ ವಾಪಸ್ ಬರೋದಕ್ಕೆ ಅನುಮತಿ ಕೇಳಬೇಕು.

ಅವಳು ಎಲ್ಲ ಅರ್ಜಿಗಳನ್ನೂ ಹಾಕಿದಳು. ವೀಸಾ ಒಂದು ದಿಕ್ಕು, ಅನುಮತಿ ಇನ್ನೊಂದು ದಿಕ್ಕು. ತಾರೀಖುಗಳು ಕೂಡಿ ಬರಲಿಲ್ಲ. ನಾನು ಸಿಂಗಪುರಕ್ಕೆ ಹೋದೆ. ಅವಳು ಹೋಗಲಿಲ್ಲ. ಅವಳ ಸೀಟಿಗೆ ಇನ್ನೊಂದು ಟೀಮಿನವರು ಬಂದರು. ಏರ್‌ಪೋರ್ಟಿನಿಂದ ಅವಳಿಗೆ ಫೋಟೊ ಕಳಿಸೋಣ ಅಂದ್ಕೊಂಡವಳು ಕಳಿಸಲಿಲ್ಲ. ಮನಸ್ಸು ಬರಲಿಲ್ಲ.

ಅಮ್ಮನ ಹುಟ್ಟಿದ ವರ್ಷ

ವಾಪಸ್ ಬಂದ ಮೇಲೆ ಒಂದು ಭಾನುವಾರ ಅವಳ ಮನೆಗೆ ಹೋದೆ. ಅವಳಮ್ಮ ಬಿಸಿ ಮೋಮೋ ಮಾಡಿದ್ದರು. "ತಿನ್ನಮ್ಮ, ನಾಚ್ಕೊಬೇಡ" ಅಂತ ಬಡಿಸುತ್ತಾ ಮಾತಿನ ಮಧ್ಯೆ ತಾವು ಹುಟ್ಟಿದ್ದು ಬೈಲಕುಪ್ಪೆಯಲ್ಲಿ, 1969ರಲ್ಲಿ ಅಂದರು. ನಾನು ಪ್ಲೇಟು ಕೆಳಗಿಟ್ಟೆ.

ಯಾಕೆಂದರೆ ಅಷ್ಟರಲ್ಲಿ ಪೌರತ್ವ ಕಾಯ್ದೆಯ ಮೂರನೇ ಸೆಕ್ಷನ್ ಓದಿದ್ದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಆಮೇಲೆ, 2004ರ ಡಿಸೆಂಬರಿನವರೆಗೆ ಹುಟ್ಟಿದವರ ವಿಷಯದಲ್ಲಿ ತಂದೆ ಅಥವಾ ತಾಯಿ, ಒಬ್ಬರು ಭಾರತೀಯರಾಗಿದ್ದರೆ ಸಾಕು. ಈ ಲೆಕ್ಕದಲ್ಲಿ ಅಮ್ಮ ಭಾರತೀಯಳು. ಹಾಗಾಗಿ ಮಗಳೂ!

ಇದು ನನ್ನ ಕಂಡುಹಿಡಿತ ಏನಲ್ಲ. 2010ರ ಡಿಸೆಂಬರಿನಲ್ಲಿ ನಮ್ಗ್ಯಾಲ್ ಡೋಲ್ಕರ್ ಅವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. 1986ರಲ್ಲಿ ಇಲ್ಲಿ ಹುಟ್ಟಿದ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿದ್ದು ತಪ್ಪು ಎಂದಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ಟಿಬೆಟನ್ ಅರ್ಜಿದಾರರ ಪರವಾಗಿ ತೀರ್ಪು ಬಂತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಆದೇಶ ಕೊಟ್ಟ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯ ಇವರ ಅರ್ಜಿಗಳನ್ನು ಪರಿಗಣಿಸುವಂತೆ ಪಾಸ್‌ಪೋರ್ಟ್ ಕಚೇರಿಗಳಿಗೆ ಸೂಚಿಸಿತು. ಜೊತೆಗೆ ಆರ್‌ಸಿ, ಹಳದಿ ಪುಸ್ತಕ ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸ ಬಿಡಬೇಕು ಅನ್ನೋ ಷರತ್ತುಗಳೂ ಬಂದವು.

ಅದೇ ಕಗ್ಗಂಟು. ನೀಲಿ ಪುಸ್ತಕ ಬೇಕೆಂದರೆ ಅಪ್ಪ ಕಟ್ಟಿದ ಮನೆಯ ಗತಿ ಏನು? ಅವಳ ತಂದೆಯವರದು ಇನ್ನೂ ಬೇರೆ ನೋವು. "ನಾವೆಲ್ಲ ಬೇರೆ ದೇಶದ ಪ್ರಜೆಗಳಾದ್ರೆ ಟಿಬೆಟ್ ನಮ್ಮದು ಅನ್ನೋರು ಯಾರು ಉಳೀತಾರೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಗೆಳತಿ ಮೆಲ್ಲಗೆ ಅಂದಳು, "ಅಪ್ಪಾ, ನೆನಪಿಟ್ಕೊಳ್ಳೋಕೆ ಹಳದಿ ಪುಸ್ತಕನೇ ಬೇಕಾ?" ಆಮೇಲೆ ಯಾರೂ ಮಾತಾಡಲಿಲ್ಲ.

ಬಸ್ಸಿಗೆ ಬಿಡಲು ಬಂದವಳು ಕೇಳಿದಳು. "ಈ ಷರತ್ತುಗಳು ಈಗಲೂ ಹಾಗೇ ಇವೆಯಾ ಅಂತ ತಿಳ್ಕೊಬಹುದಲ್ವಾ? ಆರ್‌ಟಿಐ ಹಾಕಲಾ?"

ಹಾಕು ಅನ್ನಲು ಬಾಯಿ ತೆರೆದೆ, ನೆನಪಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆ ಆ ಹಕ್ಕನ್ನು ಕೊಡುವುದು 'ಎಲ್ಲ ನಾಗರಿಕರಿಗೆ'. ಆರ್‌ಸಿ ಹಿಡಿದಿರುವವರೆಗೆ ದಾಖಲೆಯಲ್ಲಿ ಅವಳು ವಿದೇಶಿ. ತಾನು ಭಾರತೀಯಳೋ ಅಲ್ಲವೋ ಅಂತ ಕೇಳಬೇಕಾದರೂ ಮೊದಲು ಭಾರತೀಯಳು ಅಂತ ತೋರಿಸಬೇಕು.

ಪಾಸ್‌ಪೋರ್ಟ್ ಅಂದರೆ ವಿಮಾನ ಹತ್ತುವ ಚೀಟಿ ಅಂತ ತಿಳಿದಿದ್ದೆ. ಅವತ್ತು ಹನೂರಿನ ಬಸ್ಸಿನಲ್ಲಿ ಕೂತು ಅನ್ನಿಸಿದ್ದು, ಅದು ಪ್ರಶ್ನೆ ಕೇಳುವ ಚೀಟಿ ಕೂಡ. ನನ್ನ ಹತ್ತಿರ ಅದು ಇತ್ತು. ನಾನೇ ಇಷ್ಟು ವರ್ಷ ಏನೂ ಕೇಳಿರಲಿಲ್ಲ.

ನಾವು ಕೇಳಬಹುದಾದದ್ದು

ಒಂದು ಹಳೇ ಸಂಗತಿ ಹೇಳಿಬಿಡ್ತೀನಿ. 1967ರವರೆಗೆ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವುದಕ್ಕೂ ಸರಿಯಾದ ಕಾಯ್ದೆ ಇರಲಿಲ್ಲ. ಕೊಡೋದು ಬಿಡೋದು ಸರ್ಕಾರದ ಇಷ್ಟ. ಸತ್ವಂತ್ ಸಿಂಗ್ ಸಾಹ್ನಿ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ತಡೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದೇ ವರ್ಷ ಸಂಸತ್ತು ಪಾಸ್‌ಪೋರ್ಟ್ ಕಾಯ್ದೆ ಮಾಡಿತು. ಒಬ್ಬರು ಕೇಳಿದ್ದಕ್ಕೆ ನಮಗೆಲ್ಲ ನಿಯಮ ಸಿಕ್ಕಿತು. ಆಶ್ರಯದ ವಿಷಯದಲ್ಲಿ ಆ ದಿನ ಇನ್ನೂ ಬಂದಿಲ್ಲ.

ನೀವೂ ನೋಡಬಹುದು. ಸಂಸತ್ತಿನ ಜಾಲತಾಣದಲ್ಲಿ ಪ್ರಶ್ನೆ, ಉತ್ತರ, ಸಮಿತಿ ವರದಿ ಎಲ್ಲ ಇದೆ. ನಿಮ್ಮ ಸಂಸದರ ಹೆಸರು ಹಾಕಿ ಹುಡುಕಿ, ಅವರು ಏನು ಕೇಳಿದ್ದಾರೆ ಅಂತ ಮೆಟ್ರೋದಲ್ಲಿ ಕೂತೇ ಓದಬಹುದು. ಕೇಂದ್ರ ಸರ್ಕಾರಕ್ಕೆ ಆರ್‌ಟಿಐ ಹಾಕಲು ಶುಲ್ಕ 10 ರೂಪಾಯಿ. ಒಂದು ಟೀ ದುಡ್ಡು. ಸಂಸದರಿಗೆ ಪತ್ರ ಬರೆಯೋದಕ್ಕೆ ಅದೂ ಬೇಡ. ಪ್ರಶ್ನೆಗೆ ಅವರು ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು, ಹಾಗಾಗಿ ಅಧಿವೇಶನಕ್ಕೆ ಮುಂಚೆಯೇ ಬರೆದರೆ ಒಳ್ಳೇದು.

ಗುಂಡ್ಲುಪೇಟೆಯೂ ಹನೂರೂ ಇರೋದು ಒಂದೇ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ. ನಮ್ಮಿಬ್ಬರಿಗೂ ಒಬ್ಬರೇ ಸಂಸದರು. ನಾನು ಎರಡು ಪ್ರಶ್ನೆ ಬರೆದಿಟ್ಟಿದ್ದೇನೆ. ಪಾಸ್‌ಪೋರ್ಟ್ ಗುತ್ತಿಗೆ ಮುಗಿದಾಗ ನಮ್ಮ ಮಾಹಿತಿ ಯಾರ ವಶದಲ್ಲಿರುತ್ತದೆ? ಹುಟ್ಟಿನಿಂದ ಪೌರತ್ವ ಇರುವ ಟಿಬೆಟನ್ನರು ಪಾಸ್‌ಪೋರ್ಟ್ ಪಡೆಯಲು ಇವತ್ತು ಇರುವ ಷರತ್ತುಗಳೇನು? ಕೆಳಗೆ ನನ್ನ ಸಹಿ. ಅವಳು ಓದಿ, ಎರಡನೆಯದರಲ್ಲಿ ಒಂದು ಪದ ತಿದ್ದಿದಳು. 'ಟಿಬೆಟನ್ನರು' ಅನ್ನೋದರ ಮುಂಚೆ 'ಕರ್ನಾಟಕದ' ಅಂತ ಸೇರಿಸಿದಳು.

ಅವಳು ಇನ್ನೂ ನಿರ್ಧಾರ ಮಾಡಿಲ್ಲ. ಅಮ್ಮನ ಜನನ ದಾಖಲೆಗೆ ಬೈಲಕುಪ್ಪೆಗೆ ಹೋಗಿ ಬಂದಿದ್ದಾಳೆ, ಅಷ್ಟೇ. ಮೊನ್ನೆ ನಮ್ಮನೆಗೆ ಬಂದಿದ್ದಳು. ಅಜ್ಜಿ ಅವಳ ಕೈ ಹಿಡಿದು, "ಯಾವೂರು ಕೂಸು ನಿಂದು?" ಅಂತ ಕೇಳಿತು.

"ಒಡೆಯರಪಾಳ್ಯ ಕನಜ್ಜಿ" ಅಂದಳು.

"ಓ, ಹತ್ರದೋಳೆಯ" ಅಂತ ಅಜ್ಜಿ ಎಲೆಅಡಿಕೆ ಬಾಯಿಗಿಟ್ಟುಕೊಂಡಿತು. ಅಜ್ಜಿ ಮುಗಿಸಿದ್ದು ಅಷ್ಟಕ್ಕೇ.